ಹೊರಗಿನವನ ಚಮಚ

ಚಮಚ ಆರಿಸಿದ್ದು ಉಸ್ತಿನ್ಯಾ.
ಗೂಡಿನೊಳಗೆ ಹದಿನಾಲ್ಕಿದ್ದವು,
ಮರದವು, ತಗಡಿನವು, ಹಿಡಿಗೆ ದ್ರಾಕ್ಷಿಬಳ್ಳಿ ಹಬ್ಬಿಸಿಕೊಂಡವು.
ಅವಳ ಕಣ್ಣು ಬಿದ್ದದ್ದು
ಬಾಗಿಲ ಪಕ್ಕದ ಮೊಳೆಯಲ್ಲಿ
ಒಂಟಿಯಾಗಿ ತೂಗುತ್ತಿದ್ದ ಇದರ ಮೇಲೆ.

“ಇದು ಯಾರದೂ ಅಲ್ಲ, ಅಲ್ವಾ ಅಪ್ಪ?”
ಅಲ್ಲ ಮಗಳೇ, ಅಂದೆ. ಯಾರದೂ ಅಲ್ಲ.

ಕೊಟ್ಟಿಗೆಯ ತೊಲೆಗೆ ಈರುಳ್ಳಿ ಜಡೆ.
ಕಿಟಕಿಯಾಚೆ ಪೆಯಿಪ್ಸಿ ಸರೋವರ,
ಸೆಪ್ಟೆಂಬರಿನ ಬೂದು ನೀರು, ಆಚೆ ದಡವಿಲ್ಲ.
ಇಕ್ಕುಳದಲ್ಲಿ ಚಮಚ ಸಿಕ್ಕಿಸಿ
ಗರಗಸ ಅವಳ ಕೈಗೆ ಕೊಟ್ಟು
ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ.
“ಈ ಗೀರು ಯಾತಕ್ಕೆ?”
ಹಿಡಿಯ ತುದಿಯಲ್ಲಿ, ಚಾಕುವಿನ ಮೊನೆಯಿಂದ
ಅಡ್ಡಕ್ಕೆಳೆದ ಒಂದು ಗೀರು.
ಬೇಗ ಗುರುತು ಸಿಗಲಿ ಅಂತ, ಅಂದೆ.
ಅದೇನೂ ಸುಳ್ಳಲ್ಲ.

ಅವಳಜ್ಜಿ ಫೆಡೋಸ್ಯಾ ಎಳೆದದ್ದು ಅದನ್ನು,
ನಾನು ಮಾಲಾನ್ಯಾಳ ಹಿಂದೆ
ಟೋಪಿ ಕೈಯಲ್ಲಿ ಹಿಡಿದು ಈ ಮನೆಯ ಹೊಸ್ತಿಲು ದಾಟಿದ ದಿನ.
ಹಳೆಯ ನಂಬಿಕೆಯ ಮನೆ; ಹೊರಗಿನವನಿಗೆ ಬಟ್ಟಲು ಬೇರೆ, ಚಮಚ ಬೇರೆ.
ದ್ವೇಷ ಅನ್ನಲಾರೆ.
ನನಗೆ ನ್ಯುಮೋನಿಯಾ ಆದ ಚಳಿಗಾಲ
ಮೂರು ರಾತ್ರಿ ಪಕ್ಕದಲ್ಲಿ ಕೂತು
ಗುಟುಕು ಗುಟುಕು ಸಾರು ಕುಡಿಸಿದವಳೂ ಅವಳೇ.
ಇದೇ ಚಮಚದಲ್ಲಿ.

ಹಿಡಿ ಟಣ್ಣೆಂದು ಕೆಳಗೆ ಬಿತ್ತು.
ಉಸ್ತಿನ್ಯಾ ಅದನ್ನು ಈರುಳ್ಳಿ ಪಾತಿಗೆ ಚುಚ್ಚಿ ಬಂದಳು,
ಬೆರ್ಚಪ್ಪನಿಗೆ ಊರುಗೋಲಂತೆ.

ಆಮೇಲೆ ಅರ. ಆಮೇಲೆ ಬೈರಿಗೆ, ಎರಡು ತುದಿಗೆ ಎರಡು ತೂತು.
ಕೀಲಿಗೊಂಚಲಿನಿಂದ ಬಿಚ್ಚಿದ ಬಳೆ,
ಮೂರು ಮೊನೆಯ ಕೊಕ್ಕೆ,
ಕೊಕ್ಕೆಯ ಕತ್ತಿಗೆ ಕೆಂಪು ಉಣ್ಣೆಯ ಎಳೆ.
ಅಮ್ಮನ ಉಗುರುಬಣ್ಣದಲ್ಲಿ ಅವಳೊಂದು ಕಣ್ಣು ಬರೆದಳು,
ಸ್ವಲ್ಪ ಮೆಳ್ಳೆಗಣ್ಣು.
ಹೊಳೆದರೆ ಸಾಲದು, ಅಂದೆ,
ಪೈಕ್ ಮೀನು ಹೊಳಪಿಗಲ್ಲ, ನಡೆಗೆ ಮರುಳಾಗೋದು.
ಇದು ಕುಂಟಬೇಕು. ಏಟು ತಿಂದ ಮರಿಮೀನಿನ ಹಾಗೆ.
ಅವಳು ಕೊಟ್ಟಿಗೆಯ ಉದ್ದಕ್ಕೂ ಕುಂಟಿ ತೋರಿಸಿದಳು:
ಹೀಗಾ? ಹೀಗಾ?
ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬೆನ್ನು ಬಾಗಿಸಿದೆವು.

“ಅಂದ್ರೆ ನಾವು ಮಾಡ್ತಿರೋದು ಸುಳ್ಳು.”
ಹೂಂ. ಅರ ಹಾಕಿ ನುಣುಪು ಮಾಡಿದ ಸುಳ್ಳು.
“ಮೀನಿಗೆ ಗೊತ್ತಾದ್ರೆ?”
ಗೊತ್ತಾಗೋ ಹೊತ್ತಿಗೆ ಬಾಯಲ್ಲಿರುತ್ತೆ.

ಬಾಗಿಲಲ್ಲಿ ಮಾಲಾನ್ಯಾ.
ಚಮಚ ನೋಡಿದಳು, ನನ್ನನ್ನು ನೋಡಿದಳು,
ನಕ್ಕಳೋ ಕೆಮ್ಮಿದಳೋ, ಹೊರಟುಹೋದಳು.

ಎರಡು ದಿನ ಬರೀ ಜೊಂಡು ಸಿಕ್ಕಿತು.
ಮೂರನೆಯ ದಿನ, ದೋಣಿಯ ಅಂಚಿಗೆ ಗಲ್ಲವೂರಿ
ಉಸ್ತಿನ್ಯಾ ತೂಕಡಿಸುತ್ತಿದ್ದಾಗ
ಕೋಲು ಬಿಲ್ಲಾಯಿತು.
ನೀರು ಒಡೆದು, ತೊಡೆಯಷ್ಟು ದಪ್ಪದ ಹಸಿರು ಮೈ,
ಹಲ್ಲಿನ ಸಾಲಿನಲ್ಲಿ ನಮ್ಮ ಮೆಳ್ಳೆಗಣ್ಣು
ಒಂದೇ ಒಂದು ಸಲ ಮಿಂಚಿ,
ದಾರ ಫಟ್.

ಅಳುತ್ತಾಳೆ ಅಂದುಕೊಂಡೆ.
ಎದ್ದು ನಿಂತು ಚಪ್ಪಾಳೆ ತಟ್ಟಿದಳು:
“ನಂಬಿಬಿಡ್ತು! ಅಪ್ಪ, ಅದು ನಂಬಿಬಿಡ್ತು!”

ಭಾನುವಾರ. ಬಿಸಿ ಮೀನುಸಾರು.
ಫೆಡೋಸ್ಯಾ ನನ್ನ ಬಟ್ಟಲು ತುಂಬಿಸಿ
ತಿರುಗಿ ನೋಡದೆ ಮೊಳೆಗೆ ಕೈ ಚಾಚಿದಳು.
ಕೈ ಗೋಡೆ ತಡವಿತು. ನಿಂತಿತು.
“ಅದನ್ನ ಪೈಕ್ ತಗೊಂಡೋಯ್ತು ಅಜ್ಜಿ,
ಈಗ ಅದರದ್ದೇ.”
ಮಾಲಾನ್ಯಾ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿದಳು.
ನಾನು ಸಾರಿನ ಮೇಲೆ ತೇಲುವ ಸಬ್ಬಸಿಗೆ ಎಣಿಸುತ್ತಿದ್ದೆ.

ಮುದುಕಿ ಮೂಲೆಯ ದೇವರ ಪಟಗಳತ್ತ ನೋಡಿ
ಎರಡು ಬೆರಳು ಹಣೆಗೆ ಮುಟ್ಟಿಸಿಕೊಂಡಳು.
ಗೂಡು ತೆರೆದ ಸದ್ದು. ಹುಡುಕಿದ ಸದ್ದು,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ದ್ರಾಕ್ಷಿಬಳ್ಳಿಯ ಚಮಚವೊಂದನ್ನು
ಲಂಗದಂಚಿಗೆ ಒರೆಸಿ ನನ್ನ ಮುಂದಿಟ್ಟಳು.
“ಪೇಟೆಯಿಂದ ಹೊಸದು ತರೋ ತನಕ,” ಅಂದಳು.
“ಮುಂದಿನ ವಾರವೇ ತಾ.”

ತರುತ್ತೇನೆ ಅಂದೆ.

ಆಮೇಲೆ ಸರೋವರ ಎರಡು ಸಲ ಹೆಪ್ಪುಗಟ್ಟಿ ಕರಗಿದೆ.
ವಾರ ವಾರ ಪೇಟೆಗೆ ಹೋಗುತ್ತೇನೆ,
ಸೀಮೆಎಣ್ಣೆ, ಉಪ್ಪು, ಕೊಕ್ಕೆ, ಅವಳ ಮಂಡಿನೋವಿನ ಮುಲಾಮು,
ಚೀಟಿಯಲ್ಲಿ ಅವಳು ಬರೆಸಿದ್ದೆಲ್ಲ ತರುತ್ತೇನೆ.
ಚೀಟಿಯಲ್ಲಿ ಚಮಚ ಇರುವುದಿಲ್ಲ.